ಹಿಂದೆ ಕುಕ್ಕರಿಸುವ ಗಾಡಿ ಮತ್ತು ಎರಡು ಗಾಳಿ ಚೀಲ

ಮೊದಲೇ ಹೇಳಿಬಿಡುತ್ತೇನೆ, ಇದು ಗುದ್ದಿದಾಗ ಸ್ಟೀರಿಂಗ್‌ನಿಂದ ಪಟ್ ಅಂತ ಹೊರಗೆ ಬರುವ ಏರ್‌ಬ್ಯಾಗ್ ಕಥೆಯಲ್ಲ. ಗಾಡಿಯ ಹಿಂದಿನ ಸ್ಪ್ರಿಂಗ್ ಹತ್ತಿರ ಕೂರುವ, ಗಾಳಿ ತುಂಬಿದರೆ ಬಿಗಿಯಾಗುವ ಚೀಲದ ಕಥೆ. ಎರಡಕ್ಕೂ ಒಂದೇ ಹೆಸರು. ಹಾಗಾಗಿ ನಾನು "ಏರ್‌ಬ್ಯಾಗ್ ಹಾಕಿಸಿದೆ" ಅಂದಾಗ ಮನೆಯಲ್ಲಿ "ಇಷ್ಟು ದಿನ ಇರಲಿಲ್ವಾ?" ಅಂತ ಗಾಬರಿಯಿಂದ ಕೇಳಿದರು.

ನನ್ನದು ಫೋರ್ ವೀಲ್ ಡ್ರೈವ್. ಹಿಂದೆ ಮುಂದೆ ಎರಡೂ ಕಡೆ ಕಾಯಿಲ್ ಸ್ಪ್ರಿಂಗ್, ಹಿಂದಿನ ಆಕ್ಸಲ್ ಒಂದೇ ತುಂಡು. ವಾರವಿಡೀ ಒಬ್ಬನೇ ಓಡಿಸುತ್ತೇನೆ, ಡಿಕ್ಕಿಯಲ್ಲಿ ಜಾಕ್ ಮತ್ತು ಒಂದು ಹಳೇ ಕೊಡೆ ಬಿಟ್ಟರೆ ಏನೂ ಇರುವುದಿಲ್ಲ. ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಪೂರ್ತಿ ಸಂಸಾರ ಹೇರಿಕೊಂಡು ಹೊರಡುತ್ತೇವೆ: ನಾಲ್ಕು ಜನ, ಟೆಂಟು, ನೀರಿನ ಕ್ಯಾನು, ಸಣ್ಣ ಫ್ರಿಜ್ಜು, ಅದಕ್ಕೊಂದು ಬೇರೆ ಬ್ಯಾಟರಿ, ಹಿಂದೆ ಒಂದು ಟ್ರೈಲರ್. ಆಗ ಗಾಡಿ ನಾಯಿ ಕೂತ ಹಾಗೆ ಹಿಂದೆ ಕುಕ್ಕರಿಸಿ ಮೂತಿ ಮೇಲೆತ್ತಿ ನಿಲ್ಲುತ್ತಿತ್ತು. ರಾತ್ರಿ ಎದುರು ಬರುವವರೆಲ್ಲ ಲೈಟ್ ಮಿಣುಕಿಸಿ ಬೈಯುತ್ತಿದ್ದರು. ನಾನು ಡಿಮ್‌ನಲ್ಲೇ ಇದ್ದೆ, ಮೂತಿ ಮೇಲಿದ್ದರೆ ಡಿಮ್ ಕೂಡ ನೇರ ಅವರ ಕಣ್ಣಿಗೇ ಹೊಡೆಯುತ್ತದೆ ಅಲ್ವಾ. ಜೋರಾಗಿ ಹೋಗುವಾಗ ಸ್ಟೀರಿಂಗ್ ಕೈಯಲ್ಲಿ ಹಗುರ, ತೇಲಿದ ಹಾಗೆ. ಗುಂಡಿಗೆ ಇಳಿದರೆ ಹಿಂದೆ ಧಡ್ ಅಂತ ತಳ ಮುಟ್ಟುವ ಸದ್ದು.

ಇದಕ್ಕೆ ಔಷಧಿ ಏರ್‌ಬ್ಯಾಗ್ ಅಂತ ಕೇಳಿದವರೆಲ್ಲ ಹೇಳಿದರು. ಯಾವ ಏರ್‌ಬ್ಯಾಗ್ ಅಂತ ಒಬ್ಬರೂ ಹೇಳಲಿಲ್ಲ. ಅಲ್ಲಿಂದ ನನ್ನ ಎರಡು ತಿಂಗಳ ತಲೆನೋವು ಶುರುವಾಯಿತು.

ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ಸಾಮಾನು ಮಾರುತ್ತಾರೆ. ಮೊದಲನೆಯದು ಕಾಯಿಲ್ ಸ್ಪ್ರಿಂಗ್ ಒಳಗಿನ ಖಾಲಿ ಜಾಗದಲ್ಲಿ ತೂರಿಸುವ ಸಿಲಿಂಡರ್ ಆಕಾರದ ಚೀಲ, ಸಾಮಾನ್ಯವಾಗಿ ಪಾಲಿಯುರೆಥೇನ್‌ದು. ಎರಡನೆಯದು ಲೀಫ್ ಸ್ಪ್ರಿಂಗ್, ಅಂದರೆ ಪಟ್ಟಿ ಮೇಲೆ ಪಟ್ಟಿ ಜೋಡಿಸಿದ ಸ್ಪ್ರಿಂಗ್ ಇರುವ ಗಾಡಿಗಳಿಗೆ. ಆಕ್ಸಲ್ ಮತ್ತು ಚಾಸಿಯ (ಗಾಡಿಯ ತಳದ ಕಬ್ಬಿಣದ ಚೌಕಟ್ಟು) ನಡುವೆ ಬ್ರಾಕೆಟ್ ಹಾಕಿ ಕೂರಿಸುವ ದಪ್ಪ ರಬ್ಬರ್ ಚೀಲ, ನೋಡುವುದಕ್ಕೆ ಎರಡು ಮೂರು ಬನ್ನು ಒಂದರ ಮೇಲೊಂದು ಇಟ್ಟ ಹಾಗೆ. ಇವೆರಡೂ ಸಹಾಯಕರು ಅಷ್ಟೇ, ಮೂಲ ಸ್ಪ್ರಿಂಗ್ ತನ್ನ ಜಾಗದಲ್ಲೇ ಇರುತ್ತದೆ. ಮೂರನೆಯದು ಪೂರ್ತಿ ಏರ್ ಸಸ್ಪೆನ್ಷನ್. ಅಲ್ಲಿ ಸ್ಪ್ರಿಂಗನ್ನೇ ಕಿತ್ತೆಸೆದು ಗಾಳಿಯ ಮೇಲೆ ಗಾಡಿ ನಿಲ್ಲಿಸುತ್ತಾರೆ. ಕಂಪ್ರೆಸರ್, ಎತ್ತರ ನೋಡುವ ಸೆನ್ಸರ್, ವಾಲ್ವ್ ಬ್ಲಾಕ್, ಅದನ್ನೆಲ್ಲ ಆಡಿಸುವ ಒಂದು ಕಂಪ್ಯೂಟರ್, ಎಲ್ಲ ಜೊತೆಗೆ ಬರುತ್ತದೆ.

ನಿಜ ಹೇಳುತ್ತೇನೆ, ನನ್ನ ಕಣ್ಣು ಮೊದಲು ಬಿದ್ದಿದ್ದು ಮೂರನೆಯದರ ಮೇಲೆ. ಬಟನ್ ಒತ್ತಿದರೆ ಗಾಡಿ ಮೇಲೇಳುತ್ತದೆ, ಇನ್ನೊಂದು ಒತ್ತಿದರೆ ಕೆಳಗೆ ಕೂರುತ್ತದೆ. ಯಾರಿಗೆ ಆಸೆ ಆಗಲ್ಲ? ಇದೇನೂ ಹೊಸ ಆಟವಲ್ಲ. 1957ರಲ್ಲೇ ಕ್ಯಾಡಿಲಾಕ್‌ನವರು ಎಲ್ಡೊರಾಡೊ ಬ್ರೋಮ್ ಕಾರಿಗೆ ನಾಲ್ಕೂ ಚಕ್ರಕ್ಕೆ ಏರ್ ಸಸ್ಪೆನ್ಷನ್ ಕೊಟ್ಟಿದ್ದರು. ಗಾಳಿ ಸೋರುತ್ತದೆ ಅಂತ ಎಷ್ಟೋ ಮಾಲೀಕರು ಅದನ್ನು ಕಿತ್ತು ಮಾಮೂಲಿ ಕಾಯಿಲ್ ಸ್ಪ್ರಿಂಗ್ ಹಾಕಿಸಿಕೊಂಡರು. ಫೋರ್ ವೀಲ್ ಡ್ರೈವ್ ಕಡೆ ಬಂದರೆ ರೇಂಜ್ ರೋವರ್‌ಗೆ 1992ರಲ್ಲಿ ಎಲೆಕ್ಟ್ರಾನಿಕ್ ಏರ್ ಸಸ್ಪೆನ್ಷನ್ ಬಂತು. ಆಮೇಲಿನ ವರ್ಷಗಳಲ್ಲಿ ಆ ಹಳೇ ಗಾಡಿಗಳಿಗೂ ಗಾಳಿ ತೆಗೆದು ಕಾಯಿಲ್ ಹಾಕುವ ಕಿಟ್ ಮಾರಾಟವಾಗುತ್ತಾ ಬಂದಿದೆ. ಇಷ್ಟು ಓದಿದ ಮೇಲೆ ನನ್ನ ಉತ್ಸಾಹ ಅರ್ಧ ಇಳಿಯಿತು.

ಉಳಿದರ್ಧ ಇಳಿದಿದ್ದು ಅದು ಹೇಗೆ ಕೆಡುತ್ತದೆ ಅಂತ ಅರ್ಥವಾದಾಗ. ಕೂದಲೆಳೆಯಷ್ಟು ಸೋರಿಕೆ ಇದ್ದರೂ ಸಾಕು. ಎತ್ತರ ಇಳಿಯಿತು ಅಂತ ಸೆನ್ಸರ್ ಹೇಳುತ್ತದೆ, ಕಂಪ್ರೆಸರ್ ಎದ್ದು ಗಾಳಿ ತುಂಬುತ್ತದೆ, ಮತ್ತೆ ಇಳಿಯುತ್ತದೆ, ಮತ್ತೆ ತುಂಬುತ್ತದೆ. ಹೀಗೆ ಓಡಿ ಓಡಿ ಬಿಸಿಯಾಗಿ ಒಂದು ದಿನ ಕಂಪ್ರೆಸರ್ ಸುಟ್ಟುಹೋಗುತ್ತದೆ. ಜನ ಕಂಪ್ರೆಸರ್ ಬದಲಾಯಿಸುತ್ತಾರೆ, ಸೋರುವ ಚೀಲ ಹಾಗೇ ಇರುತ್ತದೆ, ಹೊಸ ಕಂಪ್ರೆಸರ್ ಕೂಡ ಹೋಗುತ್ತದೆ. ಇನ್ನೊಂದು ಕಡೆ ಗಾಳಿಯಲ್ಲಿನ ತೇವ. ಅದನ್ನು ಹೀರುವುದಕ್ಕೆ ಡ್ರೈಯರ್ ಇರುತ್ತದೆ, ಅದರೊಳಗಿನ ಕಾಳು ಹಳತಾದರೆ ನೀರು ಪೈಪಿಗೆ ಇಳಿಯುತ್ತದೆ, ತೀರಾ ಚಳಿ ಇರುವ ಕಡೆ ಅದು ವಾಲ್ವ್ ಒಳಗೆ ಹೆಪ್ಪುಗಟ್ಟುತ್ತದೆ. ಚೆನ್ನಾಗಿ ನೋಡಿಕೊಂಡರೆ ಚೆನ್ನಾಗಿಯೇ ಓಡುತ್ತದೆ, ಸುಖವೂ ಹೌದು, ಇಲ್ಲ ಅನ್ನುವುದಿಲ್ಲ. ಆದರೆ ಫೋನ್ ಸಿಗ್ನಲ್ ಇಲ್ಲದ ಕಡೆ ಹೋಗುವವನಿಗೆ, ಸ್ಪ್ರಿಂಗೇ ಇಲ್ಲದ ಗಾಡಿಯ ಚೀಲ ಒಡೆದರೆ ಮುಂದೇನು ಅನ್ನುವ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗಲಿಲ್ಲ. ಸಹಾಯಕ ಚೀಲ ಒಡೆದರೆ ಮೊದಲಿನ ಹಾಗೆ ಕುಕ್ಕರಿಸಿಕೊಂಡು ನಿಧಾನಕ್ಕೆ ಮನೆಗೆ ಬರಬಹುದು.

ಸರಿ, ಸಹಾಯಕ ಚೀಲ ಅಂತ ತೀರ್ಮಾನವಾಯಿತು. ಒಬ್ಬರ ಹತ್ತಿರ ಹೋದೆ. ಗಾಡಿ ಹೆಸರು ಕೇಳಿದರು, ಒಂದು ಡಬ್ಬ ತಂದು ಮೇಜಿನ ಮೇಲಿಟ್ಟರು. ನಾನು ಎಷ್ಟು ತೂಕ ಹೇರುತ್ತೇನೆ, ಟ್ರೈಲರ್ ಇದೆಯಾ, ಸ್ಪ್ರಿಂಗ್ ಕಂಪನಿಯದೇ ಇದೆಯಾ ಅಥವಾ ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಿದ್ದೀನಾ, ಒಂದು ಮಾತೂ ಕೇಳಲಿಲ್ಲ. ವಾಪಸ್ ಬಂದೆ. ಕಣ್ಣು ನೋಡದೆ ಕನ್ನಡಕ ಕೊಟ್ಟ ಹಾಗಾಯಿತು ಅದು.

ಆ ಭಾನುವಾರ ಟೇಪ್ ಹಿಡಿದು ನಾನೇ ಕೂತೆ. ಈ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಏರ್‌ಬ್ಯಾಗ್ ಆರಿಸುವುದರಲ್ಲಿ ನಿಜವಾದ ಕೆಲಸ ಇದೊಂದೇ, ಉಳಿದಿದ್ದು ಅಂಗಡಿ ಸುತ್ತುವುದು. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಚಕ್ರದ ನಡುಮಧ್ಯದಿಂದ ನೇರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಬೇಕು. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಖಾಲಿ ಗಾಡಿ, ಹಿಂದೆ 54 ಸೆಂಟಿಮೀಟರ್. ಆಮೇಲೆ ಪ್ರವಾಸಕ್ಕೆ ಹೊರಡುವ ಹಾಗೇ ಎಲ್ಲ ಹೇರಿದೆ. ಕ್ಯಾನಿಗೆ ನೀರು ಸಹ ತುಂಬಿಸಿ, ಮನೆಯವರನ್ನೆಲ್ಲ ಒಳಗೆ ಕೂರಿಸಿ. ಮಕ್ಕಳು ಎಲ್ಲಿಗೆ ಹೋಗ್ತಿದೀವಿ ಅಂದರು, ಎಲ್ಲಿಗೂ ಇಲ್ಲ ಅಂದೆ, ಮುಖ ಸಣ್ಣಗಾಯಿತು. ಈಗ 48. ಟ್ರೈಲರ್ ಸಿಕ್ಕಿಸಿದ ಮೇಲೆ 45.5. ಮುಂದಿನ ಚಕ್ರದ ಹತ್ತಿರ ಮುಕ್ಕಾಲು ಸೆಂಟಿಮೀಟರ್ ಮೇಲೆದ್ದಿತ್ತು.

ಆ ಮುಕ್ಕಾಲು ಸೆಂಟಿಮೀಟರ್ ನೋಡಿದಾಗ ಸುಮ್ನೆ ಬಿಡೋಣ ಅನಿಸಿತ್ತು. ಲೆಕ್ಕ ಹಾಕಿದ ಮೇಲೆ ಬಿಡಲಾಗಲಿಲ್ಲ. ನನ್ನ ಟ್ರೈಲರ್ ತುಂಬಿದಾಗ ಹೆಚ್ಚು ಕಡಿಮೆ ಒಂದು ಟನ್. ಅದರ ಹತ್ತರಲ್ಲಿ ಒಂದು ಪಾಲು, ಅಂದರೆ 100 ಕೆಜಿ, ಹುಕ್ಕಿನ ಮೇಲೆ ಕೂರುತ್ತದೆ. ಆ ಹುಕ್ಕು ಹಿಂದಿನ ಆಕ್ಸಲ್‌ಗಿಂತ 1.2 ಮೀಟರ್ ಹಿಂದೆ ಇದೆ, ಎರಡು ಆಕ್ಸಲ್ ನಡುವೆ 2.8 ಮೀಟರ್. ಇದು ಏತದ ಲೆಕ್ಕ. ಹಿಂದೆ ಒತ್ತಿದರೆ ಮುಂದೆ ಏಳಲೇಬೇಕು. 1.2ನ್ನು 2.8ರಿಂದ ಭಾಗಿಸಿದರೆ 0.43. ಹಾಗಾಗಿ ಹುಕ್ಕಿನ ಮೇಲೆ 100 ಕೆಜಿ ಇಟ್ಟರೆ ಹಿಂದಿನ ಆಕ್ಸಲ್ ಮೇಲೆ 143 ಕೆಜಿ ಬೀಳುತ್ತದೆ, ಮುಂದಿನ ಆಕ್ಸಲ್‌ನಿಂದ 43 ಕೆಜಿ ಮಾಯವಾಗುತ್ತದೆ. ಸ್ಟೀರಿಂಗ್ ಹಗುರವಾಗಿದ್ದು ಇದಕ್ಕೇ.

ಏರ್‌ಬ್ಯಾಗ್ ಮಾರುವವರು ಬಾಯಿ ಬಿಡದ ಮಾತು ಇಲ್ಲೇ ಇದೆ. ಹಿಂದೆ ಗಾಳಿ ತುಂಬಿ ಗಾಡಿಯನ್ನು ಸಮ ಮಾಡಿದಿರಿ ಅನ್ನಿ. ನೋಡಲು ಚಂದ, ಲೈಟು ಸರಿಯಾಯಿತು, ತಳ ಮುಟ್ಟುವುದು ನಿಂತಿತು. ಆದರೆ ಆ 43 ಕೆಜಿ ಮುಂದಕ್ಕೆ ವಾಪಸ್ ಬರುವುದಿಲ್ಲ! ತೂಕ ಎಲ್ಲಿ ಬೀಳಬೇಕು ಅನ್ನುವುದನ್ನು ಹುಕ್ಕಿನ ಜಾಗ ತೀರ್ಮಾನಿಸುತ್ತದೆ, ಚೀಲ ಬರೀ ಎತ್ತರ ಬದಲಾಯಿಸುತ್ತದೆ. ಭಾರೀ ಟ್ರೈಲರ್ ಎಳೆಯುವವರು ಇದಕ್ಕಾಗಿಯೇ ಉದ್ದ ಸರಳುಗಳಿರುವ, ತೂಕವನ್ನು ಮುಂದಕ್ಕೂ ಟ್ರೈಲರ್ ಕಡೆಗೂ ಹಂಚುವ ಹಿಚ್ ಹಾಕಿಸುತ್ತಾರೆ. ನನ್ನ ಒಂದು ಟನ್ನಿಗೆ ಅದು ಬೇಕಾಗಲಿಲ್ಲ. ಟ್ರೈಲರ್ ಒಳಗಿನ ಭಾರದ ಪೆಟ್ಟಿಗೆಯನ್ನು ಅದರ ಆಕ್ಸಲ್ ಹತ್ತಿರ ಸರಿಸಿದೆ, ಡಿಕ್ಕಿಯ ತುದಿಯಲ್ಲಿದ್ದ ನೀರಿನ ಕ್ಯಾನನ್ನು ಸೀಟಿನ ಬೆನ್ನಿಗೆ ಆನಿಸಿದೆ. ಕಾಸು ಖರ್ಚಿಲ್ಲದೆ ಹಿಂದೆ ಒಂದೂವರೆ ಸೆಂಟಿಮೀಟರ್ ಮೇಲೆ ಬಂತು. ಹುಕ್ಕಿನ ತೂಕ ತೀರಾ ಕಡಿಮೆ ಮಾಡಲು ಹೋಗಬೇಡಿ, ಆಗ ಟ್ರೈಲರ್ ಹಾವಿನ ಹಾಗೆ ಹೊರಳಾಡಲು ಶುರುಮಾಡುತ್ತದೆ.

ಅದೇ ಲೋಡಿನಲ್ಲಿ ವೇಬ್ರಿಡ್ಜ್‌ಗೂ ಹೋಗಿ ಬಂದೆ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ತೂಕ, ಪೂರ್ತಿ ಹತ್ತಿಸಿ ಒಂದು, ಹಿಂದಿನ ಚಕ್ರ ಮಾತ್ರ ಇದ್ದಾಗ ಇನ್ನೊಂದು. ಬಾಗಿಲ ಕಂಬದ ಹತ್ತಿರ ಅಂಟಿಸಿರುವ ತಗಡಿನಲ್ಲಿ, ಅಥವಾ ಮ್ಯಾನುಯಲ್‌ನಲ್ಲಿ, ಗಾಡಿಯ ಒಟ್ಟು ತೂಕದ ಮಿತಿ ಮತ್ತು ಒಂದೊಂದು ಆಕ್ಸಲ್‌ನ ಮಿತಿ ಬರೆದಿರುತ್ತದೆ. ನನ್ನ ಹಿಂದಿನ ಆಕ್ಸಲ್ ಮಿತಿಗೆ ಇನ್ನು 60 ಕೆಜಿ ಬಾಕಿ ಇತ್ತು. ಬೆವರು ಬಂತು. ಏರ್‌ಬ್ಯಾಗ್ ಹಾಕಿಸಿದರೆ ಈ ಮಿತಿ ಒಂದು ಕೆಜಿಯೂ ಏರುವುದಿಲ್ಲ. ಬ್ರೇಕ್, ಬೇರಿಂಗ್, ಟೈರು, ಆಕ್ಸಲ್ ಎಲ್ಲ ಅದೇ ಹಳೆಯವೇ ತಾನೇ. ಗಾಡಿ ಕುಕ್ಕರಿಸುವುದು ಒಂಥರಾ ಎಚ್ಚರಿಕೆ ಗಂಟೆ. ಚೀಲ ಹಾಕಿಸಿದ ಮೇಲೆ ಆ ಗಂಟೆ ಹೊಡೆಯುವುದಿಲ್ಲ, ಗಾಡಿ ನೆಟ್ಟಗೆ ನಿಂತಿದೆ ಅಂತ ಜನ ಇನ್ನೂ ನಾಲ್ಕು ಮೂಟೆ ಹೇರುತ್ತಾರೆ.

ಲೀಫ್ ಸ್ಪ್ರಿಂಗ್ ಪಿಕಪ್ ಇರುವವರು ಈ ಭಾಗ ಎರಡು ಸಲ ಓದಿ. ಪಟ್ಟಿಗಳ ಸ್ಪ್ರಿಂಗ್ ತನ್ನ ಭಾರವನ್ನು ಚಾಸಿಗೆ ಎರಡು ಕಡೆ ಕೊಡುತ್ತದೆ, ಮುಂದಿನ ಕಣ್ಣಿನ (ಪಟ್ಟಿಯ ತುದಿ ಸುತ್ತಿದ ಬಳೆ) ಹತ್ತಿರ ಒಂದು, ಹಿಂದಿನ ಶ್ಯಾಕಲ್ (ಓಲಾಡುವ ಕೊಂಡಿ) ಹತ್ತಿರ ಒಂದು. ಆ ಎರಡರ ನಡುವೆ ಒಂದು ಮೀಟರ್‌ಗಿಂತ ಜಾಸ್ತಿ ದೂರ. ಚೀಲವನ್ನು ಕೂರಿಸುವುದು ನಡುವೆ, ಸರಿಯಾಗಿ ಆಕ್ಸಲ್ ಮೇಲೆ. ಚೀಲಕ್ಕೆ ಜೋರಾಗಿ ಗಾಳಿ ತುಂಬಿದಷ್ಟೂ ಎರಡು ಕಡೆ ಹಂಚಿಹೋಗುತ್ತಿದ್ದ ಭಾರ ಆ ಒಂದೇ ಬಿಂದುವಿಗೆ ಬರುತ್ತದೆ. ಬಾಲದ ಕಡೆ ಭಾರದ ಟ್ರೇ, ಅದರಾಚೆ ಟ್ರೈಲರ್ ಹುಕ್ಕು, ಮುಂದೆ ಕ್ಯಾಬಿನ್. ಸೌದೆ ಕೋಲನ್ನು ಮೊಣಕಾಲ ಮೇಲಿಟ್ಟು ಎರಡೂ ತುದಿ ಒತ್ತಿ ಮುರಿಯುತ್ತೇವಲ್ಲ, ಹಾಗೇ. ಉಬ್ಬು ತಗ್ಗಿನ ದಾರಿಯಲ್ಲಿ ಜೋರಾಗಿ ಹೋದಾಗ ಒಂದೊಂದು ಕುಲುಕಿಗೂ ಆ ಮೊಣಕಾಲು ಚಾಸಿಗೆ ಗುದ್ದುತ್ತದೆ. ಡಬಲ್ ಕ್ಯಾಬ್ ಪಿಕಪ್‌ಗಳಲ್ಲಿ ಕ್ಯಾಬಿನ್‌ಗೂ ಟ್ರೇಗೂ ನಡುವಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿರುವ, ಅಥವಾ ಅದರ ಉಲ್ಟಾ ಇರುವ ಫೋಟೋ ನೋಡಿರಬಹುದು, ಅದು ಬಗ್ಗಿದ ಚಾಸಿ. ತಪ್ಪು ಪೂರ್ತಿ ಚೀಲದ್ದಲ್ಲ, ಬಾಲಕ್ಕೆ ಹೇರಿದ ತೂಕದ್ದೇ ಜಾಸ್ತಿ. ಆದರೂ ಜಾಸ್ತಿ ಗಾಳಿ, ಜಾಸ್ತಿ ತೂಕ, ಕೆಟ್ಟ ದಾರಿ ಮೂರೂ ಒಟ್ಟಿಗೆ ಬಂದರೆ ಚೀಲವೂ ಪಾಲುದಾರನೇ. ಪಿಕಪ್‌ನಲ್ಲಿ ಸದಾ ಸಾಮಾನು ತುಂಬಿಕೊಂಡೇ ಓಡುವವರಾದರೆ ನನ್ನ ಮಾತು ಕೇಳಿ, ಚೀಲ ಬಿಡಿ, ಆ ತೂಕಕ್ಕೆ ತಕ್ಕ ಗಟ್ಟಿ ಲೀಫ್ ಸೆಟ್ ಹಾಕಿಸಿ. ಕಾಯಿಲ್ ಗಾಡಿಗೂ ಇದೇ ಮಾತು. ದಿನಾ ಇರುವ ಭಾರಕ್ಕೆ ಸ್ಪ್ರಿಂಗ್, ಬಂದು ಹೋಗುವ ಭಾರಕ್ಕೆ ಗಾಳಿ.

ನನ್ನದು ಬಂದು ಹೋಗುವ ಭಾರ. ಗಟ್ಟಿ ಕಾಯಿಲ್ ಹಾಕಿಸಿದರೆ ವರ್ಷದಲ್ಲಿ ಮುನ್ನೂರು ಚಿಲ್ಲರೆ ದಿನ ಖಾಲಿ ಗಾಡಿಯಲ್ಲಿ ಎತ್ತಿನಗಾಡಿಯ ಕುಲುಕಾಟ ಅನುಭವಿಸಬೇಕಿತ್ತು. ಹಾಗಾಗಿ ಚೀಲ.

ಕಾಯಿಲ್ ಒಳಗಿನ ಚೀಲ ಆರಿಸುವಾಗ ಗಾಡಿ ಹೆಸರು ಹೇಳಿದರೆ ಸಾಲದು. ಕಾಯಿಲ್‌ನ ಒಳ ಅಗಲ ಎಷ್ಟು, ಗಾಡಿ ನೆಲದ ಮೇಲೆ ನಿಂತಾಗ ಕಾಯಿಲ್ ಕೂರುವ ಮೇಲಿನ ತಟ್ಟೆಯಿಂದ ಕೆಳಗಿನ ತಟ್ಟೆಗೆ ಎಷ್ಟು ಉದ್ದ, ಇವೆರಡನ್ನೂ ಅಳೆದುಕೊಂಡು ಹೋಗಿ. ಲಿಫ್ಟ್ ಹಾಕಿಸಿದ ಗಾಡಿಗೆ ಮಾಮೂಲಿ ಎತ್ತರದ ಚೀಲ ಹಾಕಿದರೆ ಗಿಡ್ಡ ಆಗುತ್ತದೆ, ಗಾಳಿ ಹೊಡೆದಷ್ಟೂ ಕಾಯಿಲ್ ಸುತ್ತುಗಳ ಸಂದಿನಲ್ಲಿ ಉಬ್ಬಿಕೊಂಡು ಹೊರಗೆ ಇಣುಕುತ್ತದೆ, ಗಾಡಿ ಮಾತ್ರ ಏಳುವುದಿಲ್ಲ. ಕೆಲವು ಗಾಡಿಯಲ್ಲಿ ಕಾಯಿಲ್ ಒಳಗೇ ಬಂಪ್ ಸ್ಟಾಪ್, ಅಂದರೆ ತಳ ಮುಟ್ಟಿದಾಗ ಏಟು ತಾಳುವ ರಬ್ಬರ್ ತುಂಡು, ಇರುತ್ತದೆ, ಚೀಲಕ್ಕೆ ಜಾಗ ಮಾಡಲು ಅದನ್ನು ತೆಗೆಯಬೇಕು ಅಥವಾ ಕತ್ತರಿಸಬೇಕು. ತೆಗೆದ ಮೇಲೆ ಚೀಲ ಒಡೆದರೆ ಕಬ್ಬಿಣಕ್ಕೆ ಕಬ್ಬಿಣ ಹೊಡೆಯುತ್ತದೆ. ಒಳಗೇ ಬಂಪ್ ಸ್ಟಾಪ್ ಇಟ್ಟುಕೊಂಡ ಚೀಲಗಳೂ ಸಿಗುತ್ತವೆ. ಕೇಳಿ ನೋಡಿ.

ಒತ್ತಡದ ವಿಷಯ. ಏರ್ ಲಿಫ್ಟ್ ಕಂಪನಿಯ 1000 ಸರಣಿಯ ಕಾಯಿಲ್ ಒಳಗಿನ ಚೀಲಕ್ಕೆ ಕನಿಷ್ಠ 5, ಗರಿಷ್ಠ 35 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಅಳತೆ). ಫೈರ್‌ಸ್ಟೋನ್‌ನ ರೈಡ್-ರೈಟ್ ಥರದ, ಆಕ್ಸಲ್ ಮೇಲೆ ಕೂರುವ ದಪ್ಪ ಚೀಲಕ್ಕೆ 100ರ ತನಕ ಹೋಗಬಹುದು. 35 ಅಂದಾಗ ನನಗೆ ನಗು ಬಂತು, ನನ್ನ ಕಾರಿನ ಟೈರಿಗೇ ಅಷ್ಟು ಹೊಡೆಯುತ್ತೇನೆ, ಇದೇನು ಎತ್ತುತ್ತೆ ಅಂತ. ಆದರೆ ಲೆಕ್ಕ ನೋಡಿ. ಚೀಲದ ಅಗಲ 10 ಸೆಂಟಿಮೀಟರ್ ಅಂದರೆ ಅದರ ಮುಖ ಸುಮಾರು 78 ಚದರ ಸೆಂಟಿಮೀಟರ್. 25 ಪಿಎಸ್‌ಐ ಅಂದರೆ ಒಂದೊಂದು ಚದರ ಸೆಂಟಿಮೀಟರ್‌ಗೆ 1.75 ಕೆಜಿ. ಗುಣಿಸಿದರೆ ಒಂದು ಚೀಲ ಸುಮಾರು 135 ಕೆಜಿ ಹೊರುತ್ತದೆ, ಎರಡು ಸೇರಿ 270. ಹಿಂದಿನ ಸೀಟಿನಲ್ಲಿ ಕೂತ ನಾಲ್ಕು ದೊಡ್ಡವರ ತೂಕವನ್ನು ಎರಡು ಅಂಗೈಯಗಲದ ಗಾಳಿ ಹೊತ್ತುಕೊಳ್ಳುತ್ತದೆ.

ಗಾಳಿ ಸ್ಪ್ರಿಂಗ್‌ನ ಇನ್ನೊಂದು ಗುಣ ನನಗೆ ತುಂಬಾ ಇಷ್ಟವಾಯಿತು. ಕಬ್ಬಿಣದ ಮಾಮೂಲಿ ಸ್ಪ್ರಿಂಗ್ ಮೊದಲ ಸೆಂಟಿಮೀಟರ್ ಕುಗ್ಗಲು ಎಷ್ಟು ಬಲ ಬೇಕೋ ಐದನೆಯದಕ್ಕೂ ಅಷ್ಟೇ ಬಲ ಕೇಳುತ್ತದೆ. ಗಾಳಿ ಹಾಗಲ್ಲ. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿ ನೋಡಿ. ಮೊದಲು ಸಲೀಸು, ಕೊನೆಗೆ ಕೈ ಮುಂದೆ ಹೋಗುವುದೇ ಇಲ್ಲ. ಗುಂಡಿಗೆ ಬಿದ್ದಾಗ ಹಿಂದಿನ ಧಡ್ ಸದ್ದು ನಿಂತಿದ್ದು ಈ ಕೊನೆಯ ಬಿಗುವಿನಿಂದ.

ಈಗ ಜೋಡಣೆ. ಇಲ್ಲಿ ನನಗೆ ಏಟು ಬಿತ್ತು. ಕೂರಿಸಿದವರು ಎರಡು ಚೀಲದ ಪೈಪನ್ನೂ ಒಂದು ಟೀ (ಇಂಗ್ಲಿಷ್ T ಆಕಾರದ ಜೋಡಣೆ ತುಂಡು) ಹಾಕಿ ಸೇರಿಸಿ, ಒಂದೇ ವಾಲ್ವ್ ಹೊರಗೆ ಕೊಟ್ಟರು. "ಒಂದೇ ಕಡೆ ಗಾಳಿ ಹೊಡೆದರೆ ಸಾಕು ಸಾರ್, ಸುಲಭ" ಅಂದರು. ಸುಲಭವೇನೋ ಹೌದು. ಮೊದಲ ತಿರುವಿನಲ್ಲೇ ಗೊತ್ತಾಯಿತು. ಬಲಕ್ಕೆ ತಿರುಗಿದಾಗ ಭಾರ ಎಡ ಚೀಲದ ಮೇಲೆ ಬೀಳುತ್ತದೆ, ಆ ಚೀಲ ತನ್ನ ಗಾಳಿಯನ್ನು ಪೈಪಿನ ಮೂಲಕ ಬಲ ಚೀಲಕ್ಕೆ ತಳ್ಳುತ್ತದೆ, ಎಡಗಡೆ ಇನ್ನೂ ಕುಸಿಯುತ್ತದೆ, ಬಲಗಡೆ ಇನ್ನೂ ಏಳುತ್ತದೆ. ವಾಲುವ ಗಾಡಿಯನ್ನು ಚೀಲವೇ ಹಿಡಿದು ಇನ್ನಷ್ಟು ವಾಲಿಸಿದ ಹಾಗೆ. ಮೇಲೆ ರೂಫ್ ರ್ಯಾಕ್‌ನಲ್ಲಿ ಸಾಮಾನು ಬೇರೆ. ಹೊಟ್ಟೆ ಕಲೆಸಿತು. ಮರುದಿನವೇ ಟೀ ಕೀಳಿಸಿ, ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಪೈಪು ವಾಲ್ವು ಹಾಕಿಸಿದೆ. ಕಲ್ಲು ಬಂಡೆ ಹತ್ತುವಾಗ ಟೀ ಇದ್ದರೆ ಒಳ್ಳೆಯದು ಅನ್ನುವವರಿದ್ದಾರೆ, ಒಂದು ಚಕ್ರ ಮೇಲೆ ಒಂದು ಕೆಳಗೆ ಇದ್ದಾಗ ಗಾಳಿ ಆ ಕಡೆ ಈ ಕಡೆ ಹರಿದು ಆಕ್ಸಲ್ ಸಲೀಸಾಗಿ ಓಲಾಡುತ್ತದೆ. ಮಾತು ಸರಿಯೇ. ಆದರೆ ಅದಕ್ಕೆ ಬೇರೆ ದಾರಿಯಿದೆ, ದುರ್ಗಮ ದಾರಿ ಬಂದಾಗ ಎರಡರಲ್ಲೂ ಗಾಳಿ ಕಮ್ಮಿ ಮಾಡಿದರೆ ಆಯಿತು. ಬಿಗಿ ಚೀಲ ಇಟ್ಟುಕೊಂಡು ಬಂಡೆ ಹತ್ತಿದರೆ ಹಿಂದಿನ ಒಂದು ಚಕ್ರ ಬೇಗನೆ ಗಾಳಿಯಲ್ಲಿ ನೇತಾಡುತ್ತದೆ, ಹಿಡಿತವೂ ಹೋಯಿತು. ಆಕ್ಸಲ್‌ಗೂ ಚಾಸಿಗೂ ಎರಡೂ ಕಡೆ ಬೋಲ್ಟ್ ಆಗಿರುವ ದಪ್ಪ ಚೀಲದವರು ಇನ್ನೂ ಹುಷಾರಾಗಿರಬೇಕು. ಚಕ್ರ ಪೂರ್ತಿ ಕೆಳಗೆ ಜೋತುಬಿದ್ದಾಗ ಚೀಲದ ಉದ್ದ ಸಾಲದಿದ್ದರೆ ಅದು ಕಿತ್ತುಬರುತ್ತದೆ.

ಎರಡನೇ ಏಟು ಪೈಪಿನದು. ಅದನ್ನು ಸೈಲೆನ್ಸರ್ ಪಕ್ಕದಲ್ಲೇ ಎಳೆದು ಟೈ ಕಟ್ಟಿದ್ದರು. ಮೂರನೇ ದಿನ ಎಡಗಡೆ ಗಾಡಿ ವಾಲಿಕೊಂಡು ನಿಂತಿತ್ತು. ಕೆಳಗೆ ಮಲಗಿ ನೋಡಿದರೆ ನೈಲಾನ್ ಪೈಪು ಒಂದು ಕಡೆ ಬೆಲ್ಲದ ಪಾಕದ ಹಾಗೆ ಕರಗಿ ಅಂಟಿಕೊಂಡಿದೆ. ಬಿಸಿಯಾಗುವ ಯಾವುದರಿಂದಲೂ ಪೈಪು, ಚೀಲ ಎರಡೂ ಕನಿಷ್ಠ ಒಂದು ಗೇಣು ದೂರ ಇರಬೇಕು. ಅಷ್ಟು ಜಾಗ ಇಲ್ಲದಿದ್ದರೆ ನಡುವೆ ತಗಡಿನ ಹೀಟ್ ಶೀಲ್ಡ್ ಹಾಕಬೇಕು. ಕತ್ತರಿಸುವಾಗ ಪೈಪಿನ ತುದಿ ನೇರವಾಗಿ ಇರಬೇಕು, ಓರೆಯಾಗಿ ಕತ್ತರಿಸಿ ಫಿಟ್ಟಿಂಗ್‌ಗೆ ತಳ್ಳಿದರೆ ಅಲ್ಲೇ ಸೋರಿಕೆ ಶುರು. ಆ ಸಲ ಎರಡನ್ನೂ ನಾನೇ ಮಾಡಿದೆ. ಹೊಸ ಬ್ಲೇಡು, ಅರ್ಧ ಗಂಟೆ, ಬೆನ್ನಿನ ಮೇಲೆ ಒಂದಿಷ್ಟು ಗ್ರೀಸು.

ಕಂಪ್ರೆಸರ್ ಬೇಕಾ ಅಂತ ಕೇಳುತ್ತಾರೆ. ಗಾಡಿಯೊಳಗೆ ಮೀಟರ್, ಬಟನ್, ಕೆಳಗೆ 12 ವೋಲ್ಟ್ ಕಂಪ್ರೆಸರ್, ಎಲ್ಲ ಚಂದ. ದಿನಾ ಲೋಡು ಬದಲಾಗುವವರಿಗೆ ಬೇಕು. ನನಗೆ ವರ್ಷಕ್ಕೆ ನಾಲ್ಕೈದು ಸಲ, ಟೈರಿಗೆ ಹೊಡೆಯುವ ಕೈಪಂಪೇ ಸಾಕು, ವಾಲ್ವ್ ಟೈರಿನದರ ಥರದ್ದೇ. ಚೀಲದೊಳಗೆ ಗಾಳಿ ಇರುವುದೇ ಅಷ್ಟು ಸ್ವಲ್ಪ, ಹತ್ತು ಹದಿನೈದು ಸಲ ಒತ್ತಿದರೆ ಮುಗಿಯಿತು. ಇದರಿಂದಲೇ ಇನ್ನೊಂದು ತಮಾಷೆ. ಗೇಜ್ ಇಟ್ಟು ನೋಡಿದಾಗಲೆಲ್ಲ ಗೇಜಿನ ಪೈಪಿಗೆ ಒಂದಿಷ್ಟು ಗಾಳಿ ಹೋಗಿ, ಒಂದೆರಡು ಪಿಎಸ್‌ಐ ಕಮ್ಮಿಯಾಗುತ್ತದೆ. ನಾನು ಮೊದಮೊದಲು ನೋಡುವುದು, ಕಮ್ಮಿ ಇದೆ ಅನ್ನುವುದು, ಮತ್ತೆ ನೋಡುವುದು, ಇನ್ನೂ ಕಮ್ಮಿ. ಸೋರಿಕೆ ಇದೆ ಅಂತ ಒಂದು ಸಂಜೆ ಪೂರ್ತಿ ಹುಡುಕಿದೆ. ಸೋರಿಸುತ್ತಿದ್ದವನು ನಾನೇ! ಈಗ ಬೇಕಿದ್ದಕ್ಕಿಂತ ನಾಲ್ಕು ಜಾಸ್ತಿ ಹೊಡೆದು, ಗೇಜ್ ನೋಡುತ್ತಾ ಇಳಿಸಿಕೊಳ್ಳುತ್ತೇನೆ. ಎತ್ತರದ ಬೆಟ್ಟಕ್ಕೆ ಹೋದಾಗಲೂ ಗೇಜ್ ಸುಳ್ಳು ಹೇಳಿದ ಹಾಗೆ ಕಾಣುತ್ತದೆ. ಹೊರಗಿನ ಗಾಳಿ ತೆಳುವಾಗುವುದರಿಂದ ಸಮುದ್ರ ಮಟ್ಟದಲ್ಲಿ ತುಂಬಿದ ಚೀಲ 3,000 ಮೀಟರ್ ಮೇಲೆ ಮೂರು ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಕೆಳಗೆ ಗರಿಷ್ಠಕ್ಕೇ ತುಂಬಿಸಿಕೊಂಡು ಬೆಟ್ಟ ಹತ್ತಬೇಡಿ.

ಎಷ್ಟು ಎತ್ತಬೇಕು ಅನ್ನುವುದರಲ್ಲೂ ಜನ ಎಡವುತ್ತಾರೆ. ಖಾಲಿ ಇದ್ದಾಗಿನ ಎತ್ತರಕ್ಕೇ ತರಬೇಕು ಅಂತ ಹಟ ಬೇಡ. ನನ್ನ 54ಕ್ಕೆ 54 ತರಲು ಹೋದರೆ 35 ಮೀರುತ್ತಿತ್ತು, ಗಾಡಿ ಕಲ್ಲಾಗುತ್ತಿತ್ತು. 25ರಲ್ಲಿ ಎಲ್ಲ ಹೇರಿ ಟ್ರೈಲರ್ ಸಿಕ್ಕಿಸಿದಾಗ 51ಕ್ಕೆ ಬಂದು ನಿಂತಿತು, ಲೈಟು ಕೆಳಗೆ ಬಂತು, ಅಷ್ಟು ಸಾಕು. ಇನ್ನೊಂದು ಕಾರಣಕ್ಕೂ ಜಾಸ್ತಿ ಎತ್ತಬಾರದು. ಹಳೆಯ ಎಷ್ಟೋ ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ಗೆ ಒಂದು ಸಣ್ಣ ಸರಳು ಕಟ್ಟಿಕೊಂಡ ಬ್ರೇಕ್ ವಾಲ್ವ್ ಇರುತ್ತದೆ. ಚಾಸಿ ಕೆಳಗೆ ಕೂತರೆ "ಓ, ಭಾರ ಇದೆ" ಅಂತ ಹಿಂದಿನ ಚಕ್ರಕ್ಕೆ ಜಾಸ್ತಿ ಬ್ರೇಕ್ ಕೊಡುತ್ತದೆ, ಮೇಲಿದ್ದರೆ ಖಾಲಿ ಅಂದುಕೊಂಡು ಕಮ್ಮಿ ಕೊಡುತ್ತದೆ. ಚೀಲದಿಂದ ಗಾಡಿ ಎತ್ತಿದಿರಿ, ಆ ವಾಲ್ವ್ ಪಾಪ ಮೋಸಹೋಯಿತು. ಭಾರ ತುಂಬಿದ ಗಾಡಿಗೆ ಖಾಲಿ ಗಾಡಿಯ ಬ್ರೇಕ್. ನಿಮ್ಮದರಲ್ಲಿ ಆ ಸರಳು ಇದೆಯಾ ಅಂತ ಬಗ್ಗಿ ನೋಡಿ, ಇದ್ದರೆ ಮೆಕ್ಯಾನಿಕ್ ಹತ್ತಿರ ಹೊಂದಿಸಿಕೊಳ್ಳಿ.

ಖಾಲಿ ಓಡಿಸುವಾಗ ಗಾಳಿ ಪೂರ್ತಿ ತೆಗೆಯಬೇಡಿ. ಕನಿಷ್ಠ 5 ಇರಲೇಬೇಕು. ಸೊನ್ನೆ ಮಾಡಿದರೆ ಚೀಲ ಮಡಚಿಕೊಂಡು ಕಾಯಿಲ್ ಸುತ್ತುಗಳ ನಡುವೆ ಕಚ್ಚಿಸಿಕೊಳ್ಳುತ್ತದೆ, ಮಡಿಕೆ ಬಿದ್ದಲ್ಲೇ ಒಂದು ದಿನ ತೂತು. ಕೆಸರಿನಲ್ಲಿ ಓಡಿಸಿ ಬಂದ ಮೇಲೆ ನೀರು ಬಿಟ್ಟು ಚೀಲದ ಸುತ್ತ ತೊಳೆಯಿರಿ, ಒಳಗೆ ಸೇರಿದ ಮರಳು, ಸಣ್ಣ ಕಲ್ಲು ಅದನ್ನು ಉಪ್ಪುಕಾಗದದ ಹಾಗೆ ಉಜ್ಜುತ್ತಿರುತ್ತದೆ.

ಶಾಕ್ ಅಬ್ಸಾರ್ಬರ್ ಬಗ್ಗೆ ಒಂದು ಮಾತು, ಉದ್ದ ಬೇಡ. ಚೀಲ ಭಾರ ಹೊರುತ್ತದೆ, ಕುಣಿತ ನಿಲ್ಲಿಸುವುದಿಲ್ಲ. ಕುಣಿತ ನಿಲ್ಲಿಸುವುದು ಶಾಕ್ ಕೆಲಸ. ನನ್ನವು ಎಣ್ಣೆ ಸೋರಿ ಸತ್ತಿದ್ದವು, ಚೀಲ ಹಾಕಿಸಿದ ಮೇಲೆ ಹಿಂಭಾಗ ಚೆಂಡಿನ ಹಾಗೆ ಪುಟಿಯತೊಡಗಿದಾಗಲೇ ಗೊತ್ತಾಗಿದ್ದು. ಮೊದಲೇ ನೋಡಿಸಿದ್ದರೆ ಒಂದೇ ಸಲ ಗಾಡಿ ಎತ್ತಿ ಎರಡೂ ಕೆಲಸ ಮುಗಿಸಬಹುದಿತ್ತು.

ಆಗಿನಿಂದ ಮೂರು ದೊಡ್ಡ ಪ್ರವಾಸ ಆಗಿದೆ. ರಾತ್ರಿ ಯಾರೂ ಲೈಟ್ ಮಿಣುಕಿಸಲಿಲ್ಲ. ಹೋದ ವಾರ ಸುಮ್ನೆ ಗೇಜ್ ಇಟ್ಟು ನೋಡಿದೆ, ಎಡಗಡೆ 6, ಬಲಗಡೆ 3. ಬಲಗಡೆ ವಾಲ್ವ್‌ಗೆ ಸೋಪಿನ ನೀರು ಹಚ್ಚಿ ಕುಕ್ಕರುಗಾಲಲ್ಲಿ ಕೂತು ಕಾದೆ. ಸುಮಾರು ಹೊತ್ತಿಗೆ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು, ಒಡೆಯಿತು, ಇನ್ನೊಂದು ಎದ್ದಿತು. ವಾಲ್ವ್ ಪಿನ್ ಬದಲಾಯಿಸಿದ್ದೇನೆ. ಇವತ್ತು ಬೆಳಗ್ಗೆ ನೋಡಿದರೆ ಎರಡೂ ಕಡೆ 6.